ಗೈಡೆಡ್ ಪಿನಾಕ ಗುರಿಯನ್ನು ‘ನೋಡುತ್ತದಾ’? ಮೈಸೂರು ಬಾಣಕ್ಕೂ ಇದಕ್ಕೂ ನಿಜವಾದ ವ್ಯತ್ಯಾಸ ಎಲ್ಲಿ?

ಪಾಲಹಳ್ಳಿ ಹೈದ:

ಶ್ರೀರಂಗಪಟ್ಟಣದ ಶಾಲೆಯೊಂದರ ವಿಜ್ಞಾನ ಮೇಳಕ್ಕೆ ಎರಡು ಚಾರ್ಟ್ ಬರೆಯಬೇಕಿದೆ. ಒಂದರಲ್ಲಿ ಮೈಸೂರು ಬಾಣ, ಅಂದರೆ ಹೈದರ್-ಟಿಪ್ಪು ಕಾಲದ ರಾಕೆಟ್. ಇನ್ನೊಂದರಲ್ಲಿ ಇವತ್ತಿನ ನಮ್ಮ ಫಿರಂಗಿ ದಳದ ಗೈಡೆಡ್ (ದಾರಿಯಲ್ಲೇ ತಿದ್ದಿಕೊಳ್ಳೋ) ರಾಕೆಟ್ ಪಿನಾಕ. ದರಿಯಾ ದೌಲತ್ ಗೋಡೆಯ ಪೊಲ್ಲಿಲೂರು ಚಿತ್ರವನ್ನು ಊರಿನ ಮಕ್ಕಳೆಲ್ಲ ನೋಡಿರ್ತಾರೆ, ಅಲ್ಲಿಂದಲೇ ಶುರು ಮಾಡೋಣ ಅಂತ ಯೋಚನೆ.

ತೊಂದರೆ ಏನಂದ್ರೆ, ನೆಟ್ಟಿನಲ್ಲಿ ಸಿಗೋ ಬರಹಗಳೆಲ್ಲ ‘ಗುರಿಯನ್ನು ಲಾಕ್ ಮಾಡಿ ಹೊಡೆಯುತ್ತದೆ’ ಅನ್ನೋ ಕಡೆಗೇ ನಿಂತುಬಿಡುತ್ತವೆ. ಸಾದಾ ಪಿನಾಕಕ್ಕೂ ಗೈಡೆಡ್ ಪಿನಾಕಕ್ಕೂ ಒಳಗೆ ಏನು ಬದಲಾಗಿದೆ? ಅದು ಗುರಿಯನ್ನು ನೋಡುತ್ತದಾ? ಜಿಪಿಎಸ್ ಜಾಮ್ ಮಾಡಿದರೆ ಎಲ್ಲೋ ಹೋಗಿ ಬೀಳುತ್ತದಾ? ರಾಕೆಟ್ ಅಂತ ಯಾವುದಕ್ಕೆ, ಕ್ಷಿಪಣಿ ಅಂತ ಯಾವುದಕ್ಕೆ ಅನ್ನಬೇಕು? 9ನೇ ಕ್ಲಾಸಿನವರು ಮಾಡಿ ನೋಡಬಹುದಾದ ಲೆಕ್ಕ ಇದ್ದರೆ ಇನ್ನೂ ಒಳ್ಳೇದು.

ಲೆಕ್ಕದ ಮೇಷ್ಟ್ರು:

ಮೊದಲು ಬಾಣದಿಂದಲೇ ಬರೋಣ. ಮೈಸೂರು ಬಾಣದ ಹೆಚ್ಚುಗಾರಿಕೆ ಇದ್ದದ್ದು ಅದರ ಕೊಳವೆಯಲ್ಲಿ. ಆಗ ಯುರೋಪಿನವರು ಕಾಗದದ ರಟ್ಟಿನ ಕೊಳವೆಗೆ ಮದ್ದು ತುಂಬುತ್ತಿದ್ದರು. ಒಳಗಿನ ಒತ್ತಡ ಸ್ವಲ್ಪ ಏರಿದರೂ ಕೊಳವೆ ಹರಿದುಹೋಗೋದು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಇಲ್ಲಿ ಬಡಿದು ಮಾಡಿದ ಕಬ್ಬಿಣದ ಕೊಳವೆ ಬಳಸಿದರು. ಸುಮಾರು 8 ಅಂಗುಲ ಉದ್ದ, ಒಂದೂವರೆಯಿಂದ 3 ಅಂಗುಲ ವ್ಯಾಸ. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಹೆಚ್ಚು ಒತ್ತಡದಲ್ಲಿ ಅನಿಲ ಜೋರಾಗಿ ನುಗ್ಗುತ್ತದೆ, ಬಾಣ ದೂರ ಹೋಗುತ್ತದೆ. ಒಂದು ಕಿಲೋಮೀಟರ್ ಆಸುಪಾಸಿನಿಂದ ಹಿಡಿದು, ಚೆನ್ನಾಗಿ ಹಾರಿದರೆ ಅದಕ್ಕಿಂತ ಸಾಕಷ್ಟು ಆಚೆಗೂ.

ಆದರೆ ದಿಕ್ಕು? ಅದಕ್ಕೆ ಕಟ್ಟಿದ್ದು ನಾಲ್ಕಡಿ ಬಿದಿರು. ಬಿದಿರಿನ ಕೆಲಸ ಬಾಣ ಲಾಗ ಹಾಕದ ಹಾಗೆ ನೋಡಿಕೊಳ್ಳೋದು ಅಷ್ಟೆ. ಗುರಿ ತೋರಿಸೋ ಕೆಲಸ ಅದರದ್ದಲ್ಲ. ಚಾರ್ಟಿನಲ್ಲಿ ಬಿದಿರನ್ನು ‘ಗೈಡೆನ್ಸ್’ ಅಂತ ದಯವಿಟ್ಟು ಬರೀಬೇಡಿ.

ಸಾದಾ ಪಿನಾಕವೂ ಈ ವಿಷಯದಲ್ಲಿ ಅದೇ ವಂಶ. 214 ಮಿ.ಮೀ. ವ್ಯಾಸ, ಮೊದಲ ಮಾದರಿ ಸುಮಾರು 38 ಕಿ.ಮೀ. ಹೋಗುತ್ತದೆ. ಲಾಂಚರ್ ಬಿಟ್ಟಮೇಲೆ ಅದನ್ನು ತಿದ್ದೋರು ಯಾರೂ ಇಲ್ಲ. ಈಗ ಲೆಕ್ಕ: ಮೈಸೂರಿನಿಂದ ಮಂಡ್ಯಕ್ಕೆ ನೇರ ಗೆರೆ ಎಳೆದರೆ 37 ಕಿ.ಮೀ. ಹತ್ತಿರ. (ಮಂಡ್ಯದವರು ಬೇಜಾರು ಮಾಡ್ಕೋಬೇಡಿ, ಲೆಕ್ಕಕ್ಕೆ ಮಾತ್ರ.) ಹೊರಡುವಾಗ ಮೂತಿ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೆ ಆ ದೂರದಲ್ಲಿ ತಪ್ಪು ಸುಮಾರು 650 ಮೀಟರ್. ಡಿಗ್ರಿಯ ಹತ್ತನೇ ಒಂದು ಪಾಲು ತಿರುಗಿದರೂ 65 ಮೀಟರ್. ಮಕ್ಕಳಿಗೆ ಕೋನಮಾಪಕ ಕೊಟ್ಟು, ಒಂದು ಡಿಗ್ರಿ ಎಷ್ಟು ಸಣ್ಣದು ಅಂತ ಪೆನ್ಸಿಲಿನಲ್ಲಿ ಎಳೆಸಿ ನೋಡಿ.

ಆ ಸಣ್ಣ ತಿರುವು ಎಲ್ಲಿಂದ ಬರುತ್ತದೆ ಅಂದ್ರೆ, ನಾಲ್ಕೈದು ಕಡೆಯಿಂದ. ಮೊದಲ ರಾಕೆಟ್ ಹೊರಟ ರಭಸಕ್ಕೆ ಲಾರಿ ಅಲುಗುತ್ತದೆ, ಅದು ನಿಲ್ಲುವ ಮೊದಲೇ ಎರಡನೆಯದು ಹೊರಡುತ್ತದೆ. ನಳಿಕೆಯಿಂದ ಬರುವ ಅನಿಲದ ದಿಕ್ಕು ರಾಕೆಟ್ಟಿನ ನಡುಗೆರೆಗೆ ಕೂದಲೆಳೆಯಷ್ಟು ಓರೆ ಇರುತ್ತದೆ. ಇದನ್ನು ಸರಿದೂಗಿಸೋಕೇ ರಾಕೆಟ್ಟನ್ನು ಬುಗುರಿ ಹಾಗೆ ಸುತ್ತಿಸೋದು. ಓರೆ ಎಲ್ಲಾ ಪಕ್ಕಕ್ಕೂ ಸಮ ಹಂಚಿಹೋಗುತ್ತದೆ. ಮದ್ದಿನ ಉಷ್ಣತೆ ಇನ್ನೊಂದು. ಪೋಖ್ರಾನಿನ ಬಿಸಿಲಲ್ಲಿ ಕಾದದ್ದು ಬೇಗ ಉರಿಯುತ್ತದೆ, ಲಡಾಖಿನ ಚಳಿಯಲ್ಲಿ ನಿಧಾನ. ಬೆಟ್ಟದ ಮೇಲೆ ಗಾಳಿಯೂ ತೆಳು, ಹಾಗಾಗಿ ದೂರವೂ ಬೇರೆ. ಕಾರ್ಗಿಲ್ ಸಮಯದಲ್ಲಿ, 1999ರಲ್ಲಿ, ಪಿನಾಕವನ್ನು ಬಳಸಿದ್ದು ಇಂಥ ಎತ್ತರದಲ್ಲೇ.

ಎಲ್ಲಕ್ಕಿಂತ ತಂಟೆ ಗಾಳಿಯದ್ದು. ದೀಪಾವಳಿ ರಾಕೆಟ್ಟನ್ನು ಗಮನಿಸಿ. ಪಕ್ಕದಿಂದ ಗಾಳಿ ಬೀಸಿದರೆ ಅದು ಗಾಳಿ ಹೋಗುವ ಕಡೆಗೆ ವಾಲೋದಿಲ್ಲ, ಗಾಳಿ ಬರುವ ಕಡೆಗೇ ಮೂತಿ ತಿರುಗಿಸುತ್ತದೆ. ಹಿಂದಿನ ಕಡ್ಡಿಯನ್ನು ಗಾಳಿ ಆಚೆ ತಳ್ಳುತ್ತದಲ್ಲ, ಮುಂಭಾಗ ಈಚೆ ಬರುತ್ತದೆ. ಇಂಧನ ಉರಿಯುತ್ತಿರುವಷ್ಟು ಹೊತ್ತು ಆ ತಪ್ಪು ದಿಕ್ಕಿಗೇ ಬಲ ಸಿಗುತ್ತದೆ. ಲಾಂಚರ್ ಬಿಡುವಾಗ ವೇಗ ಕಡಿಮೆ ಇರೋದರಿಂದ ಮೊದಲ ಒಂದೆರಡು ಸೆಕೆಂಡಿನ ಗಾಳಿಯೇ ಹೆಚ್ಚು ಕೆಡಿಸೋದು.

ಹಾಗಾದರೆ ಸಾದಾ ರಾಕೆಟ್ ದಂಡವಾ? ಅಲ್ಲ. ಅದನ್ನು ಒಂದೊಂದಾಗಿ ಹೊಡೆಯೋ ಉದ್ದೇಶವೇ ಇಲ್ಲ. ಒಂದು ಲಾಂಚರಿನಲ್ಲಿ 12, ಒಂದು ಬ್ಯಾಟರಿಗೆ (ಫಿರಂಗಿ ದಳದ ತುಕಡಿಗೆ) 6 ಲಾಂಚರ್, 44 ಸೆಕೆಂಡಿನಲ್ಲಿ 72 ರಾಕೆಟ್. ಚದುರೋದನ್ನೇ ಉಪಯೋಗಕ್ಕೆ ತಗೊಂಡಿದ್ದಾರೆ. ಸೋವಿಯತ್ ಕಾಲದ 122 ಮಿ.ಮೀ. ರಾಕೆಟ್ ಲಾಂಚರ್ ಗ್ರಾಡ್‌ನಲ್ಲಿ 40 ಕೊಳವೆ ಇಟ್ಟದ್ದೂ ಅದಕ್ಕೇ.

ಗೈರೋ ಗುಂಡಣ್ಣ:

ಮೇಷ್ಟ್ರು ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ಹೇಳಿದ್ದಾರೆ. ಗೈಡೆಡ್ ಮಾದರಿ ಮಾಡೋದು ಆ ತಪ್ಪನ್ನು ಹಾರಾಟದಲ್ಲೇ ಅಳೆದು ತಿದ್ದೋ ಕೆಲಸ.

ನಿಮ್ಮ ಮುಖ್ಯ ಅನುಮಾನಕ್ಕೆ ನೇರ ಉತ್ತರ: ಇಲ್ಲ, ನೋಡೋದಿಲ್ಲ. ಗೈಡೆಡ್ ಪಿನಾಕ, ಅಮೆರಿಕದ ಗೈಡೆಡ್ ರಾಕೆಟ್ ಜಿಎಂಎಲ್‌ಆರ್‌ಎಸ್, ಅದಕ್ಕಿಂತ ದೊಡ್ಡ ಕ್ಷಿಪಣಿ ಅಟ್ಯಾಕಮ್ಸ್, ಇವಕ್ಕೆ ಕಣ್ಣಿಲ್ಲ. ಇವಕ್ಕೆ ಕೊಟ್ಟಿರೋದು ಒಂದು ವಿಳಾಸ: ಅಕ್ಷಾಂಶ, ರೇಖಾಂಶ, ಎತ್ತರ. ಹಾರುವ ಉದ್ದಕ್ಕೂ ಒಳಗೆ ನಡೆಯೋದು ಒಂದೇ ವಿಚಾರಣೆ, ‘ನಾನೀಗ ಎಲ್ಲಿದ್ದೀನಿ?’ ಇದಕ್ಕೆ ಉತ್ತರ ಸರಿಯಾಗಿದ್ದರೆ ಮಿಕ್ಕಿದ್ದು ಸುಲಭ. ಪೋಸ್ಟ್‌ಮ್ಯಾನ್ ಮನೆ ಯಜಮಾನನ ಮುಖ ನೋಡಿ ಕಾಗದ ಹಾಕೋದಿಲ್ಲ, ಬಾಗಿಲ ನಂಬರ್ ನೋಡಿ ಹಾಕ್ತಾನೆ, ಅದೇ ಥರ.

ಒಳಗೆ ಹೊಸದಾಗಿ ಸೇರೋದು ಮೂರು ನಾಲ್ಕು ವಸ್ತು. ಮೂತಿಯ ಹಿಂದೆ ಗೈಡೆನ್ಸ್ ವಿಭಾಗ. ಅದರಲ್ಲಿ ಮೂರು ಗೈರೋ (ಯಾವ ಕಡೆಗೆ ಎಷ್ಟು ತಿರುಗಿತು), ಮೂರು ಆಕ್ಸೆಲರೋಮೀಟರ್ (ಯಾವ ಕಡೆಗೆ ಎಷ್ಟು ವೇಗ ಕೂಡಿತು), ಉಪಗ್ರಹ ಸಂಕೇತ ಹಿಡಿಯುವ ರಿಸೀವರ್, ಒಂದು ಕಂಪ್ಯೂಟರ್. ಹೊರಗೆ ನಾಲ್ಕು ಪುಟ್ಟ ರೆಕ್ಕೆ, ಅವನ್ನು ತಿರುಗಿಸೋ ಮೋಟಾರ್. ಜೊತೆಗೆ ಒಂದು ಥರ್ಮಲ್ ಬ್ಯಾಟರಿ. ಇದು ಚಂದದ ವಸ್ತು: ಒಳಗಿನ ಲವಣ ಗಟ್ಟಿಯಾಗಿರುವಷ್ಟು ಕಾಲ ಸತ್ತ ಹಾಗೇ, ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದರೂ ಕೆಡೋದಿಲ್ಲ. ಹೊರಡುವ ಮುಂಚೆ ಬಿಸಿ ಮಾಡಿ ಲವಣ ಕರಗಿಸಿದರೆ ಕೆಲವು ನಿಮಿಷಕ್ಕೆ ಬೇಕಾದ ಕರೆಂಟ್ ಒಮ್ಮೆಲೇ ಸಿಗುತ್ತದೆ. ಅಷ್ಟೇ ಅದರ ಆಯುಸ್ಸು.

ಕೆಲಸದ ಕ್ರಮ ಹೀಗೆ. ಲಾಂಚರ್ ತಾನು ನಿಂತ ಜಾಗ, ಮುಖ ಮಾಡಿರುವ ದಿಕ್ಕು ಎರಡನ್ನೂ ತಿಳಿದುಕೊಳ್ಳುತ್ತದೆ. ಗುರಿಯ ವಿಳಾಸ ಕೇಬಲ್ ಮೂಲಕ ರಾಕೆಟ್ಟಿಗೆ ಇಳಿಯುತ್ತದೆ. ಬ್ಯಾಟರಿ ಏಳುತ್ತದೆ, ಕೇಬಲ್ ಕಳಚುತ್ತದೆ, ಇಂಧನ ಹೊತ್ತುತ್ತದೆ. ಕೊಳವೆ ಬಿಟ್ಟಕೂಡಲೇ ಮಡಚಿಟ್ಟ ಹಿಂಬದಿ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಇಂಧನ ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಆಮೇಲೆ ಎಸೆದ ಕಲ್ಲಿನ ಹಾಗೆ ಸಾಗೋದು. ಈ ಕಲ್ಲಿಗೆ ರೆಕ್ಕೆ ಇದೆ ಅನ್ನೋದೊಂದೇ ವ್ಯತ್ಯಾಸ. ಕೊನೆಯಲ್ಲಿ ಬೇಕಾದರೆ ಮೂತಿ ಬಗ್ಗಿಸಿ ಕಡಿದಾಗಿ ಇಳಿಯಬಹುದು.

ಈಗ ಲೆಕ್ಕ. ಆಕ್ಸೆಲರೋಮೀಟರ್‌ನಲ್ಲಿ ಗುರುತ್ವದ ಸಾವಿರದಲ್ಲೊಂದು ಪಾಲು ಮಾತ್ರ ತಪ್ಪಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿನ ವರ್ಗಕ್ಕೆ 0.0098 ಮೀಟರ್. ಶಾಲೆಯಲ್ಲಿ ಕಲಿಯೋ ಅದೇ ಸೂತ್ರ, ವೇಗೋತ್ಕರ್ಷದ ಅರ್ಧ ಇಂಟು ಕಾಲದ ವರ್ಗ. 10 ಸೆಕೆಂಡಿಗೆ ತಪ್ಪು ಅರ್ಧ ಮೀಟರ್. 120 ಸೆಕೆಂಡಿಗೆ? 6 ಮೀಟರ್ ಅಲ್ಲ, 70 ಮೀಟರ್. ಕಾಲ 12 ಪಟ್ಟಾದರೆ ತಪ್ಪು 144 ಪಟ್ಟು. ಸಾಲದ ಮೇಲಿನ ಚಕ್ರಬಡ್ಡಿ ಹಾಗೆ ಬೆಳೆಯೋ ಈ ತಪ್ಪನ್ನು ಆಗಾಗ ಕತ್ತರಿಸೋಕೆ ಉಪಗ್ರಹ ಬೇಕು. ಉಪಗ್ರಹದ ಲೆಕ್ಕ ಸ್ವಲ್ಪ ಅಲ್ಲಾಡುತ್ತದೆ, ಆದರೆ ಕಾಲದ ಜೊತೆ ಬೆಳೆಯೋದಿಲ್ಲ. ಗೈರೋ ಲೆಕ್ಕ ನಯ, ಆದರೆ ಬೆಳೆಯುತ್ತದೆ. ಎರಡನ್ನೂ ಬೆಸೆಯೋದೇ ಈ ವಿದ್ಯೆ.

120 ಸೆಕೆಂಡ್ ಸುಮ್ಮನೆ ಹೇಳಿದ್ದಲ್ಲ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 45 ಡಿಗ್ರಿಯಲ್ಲಿ ಹಾರಿ 75 ಕಿ.ಮೀ. ಮುಟ್ಟೋಕೆ ಸೆಕೆಂಡಿಗೆ ಸುಮಾರು 860 ಮೀಟರ್ ವೇಗ ಬೇಕು, ಹಾರಾಟ 124 ಸೆಕೆಂಡ್, ನೆತ್ತಿ ದೂರದ ಕಾಲುಭಾಗ, ಅಂದರೆ 19 ಕಿ.ಮೀ. ಎತ್ತರ. 300 ಕಿ.ಮೀ.ಗೆ ಅದೇ ಲೆಕ್ಕ ಹಾಕಿದರೆ ಸೆಕೆಂಡಿಗೆ 1,700 ಮೀಟರ್, ನಾಲ್ಕು ನಿಮಿಷ, 75 ಕಿ.ಮೀ. ಎತ್ತರ. ನಿಜವಾದ ಗಾಳಿಯಲ್ಲಿ ವೇಗ ಇನ್ನೂ ಹೆಚ್ಚು ಬೇಕು.

ಒಂದು ಮಾತು ಬಿಟ್ಟುಹೋಯಿತು. ‘ತೋಪಿನ ಗುಂಡಿಗೇ ಇದೆಲ್ಲ ಹಾಕಬಹುದಲ್ಲ’ ಅಂತ ಮಕ್ಕಳು ಕೇಳ್ತಾರೆ. ಹಾಕಿದ್ದಾರೆ, 155 ಮಿ.ಮೀ. ಎಕ್ಸ್‌ಕ್ಯಾಲಿಬರ್ ಅಂಥದ್ದೇ. ಆದರೆ ತೋಪಿನೊಳಗೆ ಗುಂಡಿನ ಮೇಲೆ ಗುರುತ್ವದ ಹತ್ತು ಸಾವಿರ ಪಟ್ಟಿಗೂ ಮೀರಿದ ಹೊಡೆತ ಬೀಳುತ್ತದೆ. ರಾಕೆಟ್ ಅದರ ಮುಂದೆ ಮೆತ್ತಗೆ ಹೊರಡುತ್ತದೆ, ಹತ್ತಾರು ಪಟ್ಟು ಅಷ್ಟೆ. ಸೂಕ್ಷ್ಮ ವಸ್ತು ಇಡೋಕೆ ಅದೇ ವಾಸಿ.

ಪಾಲಹಳ್ಳಿ ಹೈದ:

ಗುಂಡಣ್ಣೋರೇ, 70 ಮೀಟರ್ ಲೆಕ್ಕ ಬೋರ್ಡಿನ ಮೇಲೆ ಬರೆದೇ ಬರೀತೀನಿ. ಹಾಗಾದ್ರೆ ಓಡಾಡೋ ಲಾರಿಗೆ ಹೊಡೆಯೋಕಾಗಲ್ಲ ಅಂತಾಯ್ತು? ಮತ್ತೆ ಜಾಮ್ ವಿಷಯ?

ಒಂಟಿಕೊಪ್ಪಲ್ ಓದುಗ:

ಲಾರಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗ್ತಿದ್ದರೆ 120 ಸೆಕೆಂಡಿನಲ್ಲಿ 1,300 ಮೀಟರ್ ದಾಟಿರುತ್ತದೆ. ಖಾಲಿ ರಸ್ತೆಗೆ ಹೊಡೆದ ಹಾಗಾಗುತ್ತದೆ. ಓಡೋ ಗುರಿಗೆ ಮೂತಿಯಲ್ಲಿ ಹುಡುಕುಕಣ್ಣು ಬೇಕು. ಬ್ರಹ್ಮೋಸ್‌ಗೆ ಹಡಗು ಹುಡುಕೋ ರಾಡಾರ್ ಇರೋದು ಅದಕ್ಕೇ.

ಜಾಮ್ ಬಗ್ಗೆ ಜನ ಎರಡು ತುದಿಗೆ ಹೋಗ್ತಾರೆ. ಒಬ್ಬರು ಏನೂ ಆಗಲ್ಲ ಅಂತಾರೆ, ಇನ್ನೊಬ್ಬರು ರಾಕೆಟ್ ವಾಪಸ್ ಬರುತ್ತೆ ಅಂತಾರೆ. ಜಿಪಿಎಸ್ ಉಪಗ್ರಹ ಇರೋದು 20,000 ಕಿ.ಮೀ. ಮೇಲೆ, ನೆಲಕ್ಕೆ ಬರೋ ಹೊತ್ತಿಗೆ ಸಂಕೇತ ಬಹಳ ಕ್ಷೀಣ. ಹತ್ತಿರದಲ್ಲಿ ಸಣ್ಣ ಗದ್ದಲ ಎಬ್ಬಿಸಿದರೂ ಮುಳುಗಿಹೋಗುತ್ತದೆ. ಆದರೆ ಮುಳುಗಿದ್ದು ಯಾವಾಗ ಅನ್ನೋದು ಮುಖ್ಯ. ಗುಂಡಣ್ಣನ ಸೂತ್ರವನ್ನೇ ಹಾಕಿ: ಕೊನೆಯ 20 ಸೆಕೆಂಡ್ ಮಾತ್ರ ಸಂಕೇತ ಇಲ್ಲದಿದ್ದರೆ ಆ ಒಂದು ದೋಷದಿಂದ ಕೂಡೋದು 2 ಮೀಟರ್. ಹೊರಟಾಗಿನಿಂದಲೇ ಇಲ್ಲದಿದ್ದರೆ 70 ಮೀಟರ್, ಅದರ ಮೇಲೆ ಹೊರಡುವಾಗಿನ ದಿಕ್ಕಿನ ತಪ್ಪು ಬೇರೆ. ಅಂದರೆ ಗುರಿಯ ಹತ್ತಿರ ಇಟ್ಟ ಜಾಮರಿಗಿಂತ ದಾರಿಯುದ್ದಕ್ಕೂ ಕಾಡುವ ಜಾಮರ್ ಅಪಾಯ. ಉಕ್ರೇನಿನಲ್ಲಿ ಜಿಎಂಎಲ್‌ಆರ್‌ಎಸ್ ನಿಖರತೆ ರಷ್ಯಾದ ಜಾಮಿಂಗ್‌ನಿಂದ ಕುಗ್ಗಿದ್ದು ಪತ್ರಿಕೆಗಳಲ್ಲೇ ಬಂದಿದೆ. ಇದಕ್ಕೆ ಉಪಾಯ, ಗದ್ದಲ ಬರುವ ದಿಕ್ಕಿಗೆ ಕಿವಿ ಮುಚ್ಚಿಕೊಳ್ಳುವ ಆಂಟೆನಾ, ಸೇನೆಗೆ ಮೀಸಲಾದ ಗುಪ್ತ ಸಂಕೇತ, ಒಂದಕ್ಕಿಂತ ಹೆಚ್ಚು ಉಪಗ್ರಹ ವ್ಯವಸ್ಥೆ. ಇಸ್ರೋ ಜಿಪಿಎಸ್ ಥರದ್ದೇ ನಾವಿಕ್ ಉಪಗ್ರಹಗಳನ್ನು 2013ರಿಂದ ಹಾರಿಸುತ್ತ ಬಂದದ್ದರ ಹಿಂದೆ ಪರರ ಸಂಕೇತದ ಮೇಲೆ ಪೂರ್ತಿ ಆತುಕೊಳ್ಳಬಾರದು ಅನ್ನೋ ಲೆಕ್ಕವೂ ಇದೆ.

ಇದಕ್ಕಿಂತ ಹೆಚ್ಚು ಕೆಡಿಸೋದು ಯಾರೂ ಮಾತಾಡದ ಸಂಗತಿ: ವಿಳಾಸವೇ ತಪ್ಪಿರೋದು. ರಾಕೆಟ್ ಕರಾರುವಾಕ್ಕಾಗಿ ತಪ್ಪು ಜಾಗಕ್ಕೆ ಹೋಗುತ್ತದೆ. ಹಳೆಯ ಸರ್ವೆ ನಕ್ಷೆಗಳು ಎವರೆಸ್ಟ್ ಎಂಬ ಭೂಮಿಯ ಲೆಕ್ಕದ ಆಕಾರವನ್ನು ಆಧರಿಸಿದವು, ಜಿಪಿಎಸ್ ಇನ್ನೊಂದನ್ನು. ಒಂದರ ಅಕ್ಷಾಂಶ ರೇಖಾಂಶವನ್ನು ಪರಿವರ್ತಿಸದೆ ಇನ್ನೊಂದಕ್ಕೆ ತುಂಬಿದರೆ ನಮ್ಮ ಮೈಸೂರು ಕಡೆ ನೂರು ಮೀಟರಿಗೂ ಮೀರಿ ಜಾಗ ಜರುಗುತ್ತದೆ.

ಎತ್ತರವೂ ಹಾಗೇ. ಕೆಲವು ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಜಿಪಿಎಸ್ಸಿನ ಹಸಿ ಎತ್ತರ ನೋಡಿ. ಮೈಸೂರಲ್ಲಿ ನಿಂತು ನೋಡಿದರೆ ರೈಲ್ವೆ ಸ್ಟೇಷನ್ ಹಳದಿ ಹಲಗೆಯ ಮೇಲೆ ಬರೆದದ್ದಕ್ಕಿಂತ 80 ಮೀಟರಿಗೂ ಮಿಕ್ಕಿ ತಗ್ಗಾಗಿ ತೋರಿಸುತ್ತದೆ. ಫೋನ್ ಕೆಟ್ಟಿಲ್ಲ. ಹಲಗೆ ಹೇಳೋದು ಸಮುದ್ರ ಮಟ್ಟದಿಂದ, ಫೋನ್ ಹೇಳೋದು ಲೆಕ್ಕದ ನುಣುಪು ಗೋಳದಿಂದ. ದಕ್ಷಿಣ ಭಾರತದಲ್ಲಿ ಸಮುದ್ರ ಮಟ್ಟವೇ ಆ ಗೋಳಕ್ಕಿಂತ ಅಷ್ಟು ಕೆಳಗಿದೆ. 45 ಡಿಗ್ರಿಯಲ್ಲಿ ಇಳಿಯೋ ವಸ್ತುವಿಗೆ ಎತ್ತರದಲ್ಲಿ 80 ಮೀಟರ್ ತಪ್ಪಿದರೆ ನೆಲದ ಮೇಲೂ 80 ಮೀಟರ್ ತಪ್ಪು. ಕಡಿದಾಗಿ ಇಳಿದಷ್ಟೂ ಈ ತಪ್ಪು ಕಡಿಮೆ. ಕೊನೆಯಲ್ಲಿ ಮೂತಿ ಬಗ್ಗಿಸೋದಕ್ಕೆ ಅದೂ ಒಂದು ಕಾರಣ.

ನಿಮ್ಮ ಊರಿಗೇ ಸೇರಿದ ಒಂದು ಕೊಂಡಿ ಬೇಕಾದರೆ: ಭಾರತದ ನೆಲ ಅಳೆದು ನಕ್ಷೆಗೆ ತರೋ ಈ ಕೆಲಸ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಕಡೆ ಇದ್ದ. ರಾತ್ರಿ ನಡಿಗೆಯಲ್ಲಿ ಪಡೆ ದಾರಿ ತಪ್ಪಿ ಟಿಪ್ಪು ಸೇನೆಯ ಕಡೆಗೇ ಹೋಗುತ್ತಿರೋದನ್ನು ನಕ್ಷತ್ರ ನೋಡಿ ಕಂಡುಹಿಡಿದವನು ಅವನೇ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಮೊದಲ ಅಡಿರೇಖೆ (ಉಳಿದ ಅಳತೆಗೆಲ್ಲ ಬುಡವಾಗೋ ಗೆರೆ) ಅಳೆಯೋಕೆ ತೊಡಗಿದ. ‘ನಾನೀಗ ಎಲ್ಲಿದ್ದೀನಿ’ ಅನ್ನೋದರ ಕಥೆ ಬಾಣದ ಪಕ್ಕದಲ್ಲೇ ಇತ್ತು.

ಮಂಡ್ಯ ಮಿಲ್ಟ್ರಿ ಮಂಜ:

ಇಷ್ಟೆಲ್ಲ ಯಾಕ್ ಬುಡಿ ಸಾರ್, ಬ್ರಹ್ಮೋಸೂ ಪಿನಾಕನೂ ಒಂದೇ ತಾನೆ, ಎರಡೂ ಲಾರಿ ಮ್ಯಾಲಿಂದ ಹೋಯ್ತವೆ. ಒಂದು ದೊಡ್ದು, ಒಂದು ಚಿಕ್ದು ಅಂತ ಬರ್ದ್ರೆ ಆಯ್ತು.

ಗೈರೋ ಗುಂಡಣ್ಣ:

ಅಂಗಲ್ಲ ಕಣ್ ಮಂಜಣ್ಣ. ಲಾರಿ ಒಂದೇ ಥರ ಇದ್ದ ಮಾತ್ರಕ್ಕೆ ಆಲೆಮನೆ ಕಬ್ಬೂ ಮರಳೂ ಒಂದೇ ಆಗ್ತದಾ?

ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ. ದಾರಿಯುದ್ದಕ್ಕೂ ಎಂಜಿನ್ ಉರಿಯುತ್ತಲೇ ಇರುತ್ತದೆ, ಹೊರಗಿನ ಗಾಳಿ ಎಳೆದುಕೊಳ್ಳುವ ರ‍್ಯಾಮ್‌ಜೆಟ್, ಶಬ್ದದ 2.8 ಪಟ್ಟು ವೇಗ. ಮೊದಲ ಪರೀಕ್ಷೆ 2001ರ ಜೂನ್ 12ಕ್ಕೆ. 290 ಕಿ.ಮೀ. ಅನ್ನೋ ಮಿತಿ ಬಂದದ್ದು ತಂತ್ರಜ್ಞಾನದಿಂದಲ್ಲ, 300 ಕಿ.ಮೀ. ದಾಟುವ ಕ್ಷಿಪಣಿಗಳ ಕೊಡು-ಕೊಳ್ಳುವಿಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದಿಂದ. 2016ರಲ್ಲಿ ಭಾರತ ಅದರ ಸದಸ್ಯ ಆದಮೇಲೆ ದೂರ ಹೆಚ್ಚಿಸಿದರು. ಪಿನಾಕ, ಅಟ್ಯಾಕಮ್ಸ್, ಪ್ರಳಯ್ ಇವು ಕೆಲ ಹೊತ್ತು ಮಾತ್ರ ಉರಿದು, ಉಳಿದ ದಾರಿ ಆ ವೇಗದಲ್ಲೇ ಹೋಗೋವು.

ರಾಕೆಟ್ ಮತ್ತು ಕ್ಷಿಪಣಿ ಪದದ ಬಗ್ಗೆ: ಹಿಂದೆ ಗೆರೆ ಸ್ಪಷ್ಟ ಇತ್ತು, ತಿದ್ದಿಕೊಳ್ಳುವಂಥದ್ದು ಕ್ಷಿಪಣಿ, ತಿದ್ದಿಕೊಳ್ಳದ್ದು ರಾಕೆಟ್. ಗೈಡೆಡ್ ರಾಕೆಟ್ ಬಂದು ಆ ಗೆರೆ ಅಳಿಸಿತು. ಈಗ ರೂಢಿಯ ಮಾತು ಅಷ್ಟೆ. ಚಾರ್ಟಿನಲ್ಲಿ ಗೆರೆ ಎಳೆಯೋಕೆ ಹೋಗಬೇಡಿ.

ಗಂಜಾಂ ಅಂಜೂರ:

ಸಾಮರ್ಥ್ಯದ ಕಡೆ ಯಾರೂ ಬರಲಿಲ್ಲ, ಹಾಗಾಗಿ ಸ್ವಲ್ಪ.

ಸಾದಾ ಪಿನಾಕ 38 ಕಿ.ಮೀ. ಇದ್ದದ್ದು ಗೈಡೆಡ್ ಮಾದರಿಯಲ್ಲಿ 75ರ ಹತ್ತಿರ ಹೋಯಿತು, 2024ರ ನವೆಂಬರ್‌ನಲ್ಲಿ ಎರಡು ಲಾಂಚರಿನಿಂದ, ತಯಾರಿಸಿದ ಒಂದೊಂದು ಸಂಸ್ಥೆಯದ್ದೂ 12ರಂತೆ ರಾಕೆಟ್ ಹಾರಿಸಿ ಪರೀಕ್ಷೆ ಮುಗಿಸಿದರು. ಅಮೆರಿಕದ 227 ಮಿ.ಮೀ. ಸಾಲಿನಲ್ಲಿ ಸಾದಾ ಎಂ26ಕ್ಕೆ 32 ಕಿ.ಮೀ., ಗೈಡೆಡ್‌ಗೆ 70 ದಾಟುತ್ತದೆ, ಸಿಡಿತಲೆ 90 ಕಿಲೋ. ಅಟ್ಯಾಕಮ್ಸ್ 610 ಮಿ.ಮೀ. ದಪ್ಪ, ಒಂದೂವರೆ ಟನ್ನಿಗೂ ಮಿಕ್ಕ ತೂಕ, ಮೊದಲ ಮಾದರಿ 165 ಕಿ.ಮೀ., ಆಮೇಲಿನವು 300. ಮೊದಲು ಬಳಸಿದ್ದು 1991ರ ಕೊಲ್ಲಿ ಯುದ್ಧದಲ್ಲಿ. ಜಾಣತನ ಬತ್ತಳಿಕೆಯಲ್ಲಿದೆ: ಹೈಮಾರ್ಸ್ ಅನ್ನೋ ಲಾಂಚರ್ ಲಾರಿಯ ಮೇಲೆ ಕೂರೋ ಪೆಟ್ಟಿಗೆಯಲ್ಲಿ 6 ರಾಕೆಟ್ ಇರಬಹುದು ಅಥವಾ ಅದೇ ಅಳತೆಯಲ್ಲಿ ಒಂದು ಅಟ್ಯಾಕಮ್ಸ್. ಹೊರಗಿನಿಂದ ನೋಡಿದವರಿಗೆ ಗೊತ್ತಾಗದ ಹಾಗೆ ಅದರ ಮುಚ್ಚಳದ ಮೇಲೂ ಆರು ವೃತ್ತ ಮೂಡಿಸಿರ್ತಾರೆ.

ನಮ್ಮಲ್ಲಿ ಮೇಲಿನ ಮೆಟ್ಟಿಲು ಪೃಥ್ವಿ ಮತ್ತು ಪ್ರಳಯ್ ಕ್ಷಿಪಣಿಗಳು. 1988ರ ಫೆಬ್ರವರಿ 25ಕ್ಕೆ ಮೊದಲು ಹಾರಿದ ಪೃಥ್ವಿಗೆ ದ್ರವ ಇಂಧನ. ಪಂಪು, ಟ್ಯಾಂಕರು, ವಿಷದ ಹೊಗೆ, ಹಿಂದೆ ದೊಡ್ಡ ಮೆರವಣಿಗೆ. 2021ರ ಡಿಸೆಂಬರ್ 22ಕ್ಕೆ ಮೊದಲು ಹಾರಿದ ಪ್ರಳಯ್ ಘನ ಇಂಧನದ್ದು, 150ರಿಂದ 500 ಕಿ.ಮೀ. ಸುಮ್ಮನೆ ಬಿಲ್ಲಿನಂತೆ ಬಾಗಿ ಬೀಳದೆ ದಾರಿಯಲ್ಲಿ ಹೊರಳುತ್ತದೆ. ಎಲ್ಲಿ ಬೀಳುತ್ತದೆ ಅಂತ ಎದುರಿನವರು ಲೆಕ್ಕ ಹಾಕೋಕೆ ಅದರಿಂದ ಕಷ್ಟ.

ಘನ ಇಂಧನಕ್ಕೂ ಅದರದ್ದೇ ಕಾಯಿಲೆ. ನೋಡೋಕೆ ಗಟ್ಟಿ ರಬ್ಬರಿನ ಹಾಗಿರುತ್ತದೆ. ಸಾಗಿಸುವಾಗ ಬಿದ್ದು ಅಥವಾ ಬಿಸಿಲು-ಚಳಿಗೆ ಹಿಗ್ಗಿ ಕುಗ್ಗಿ ಒಳಗೆ ಬಿರುಕು ಬಿಟ್ಟರೆ, ಬೆಂಕಿಗೆ ಸಿಗುವ ಮೈ ಹೆಚ್ಚುತ್ತದೆ, ಅನಿಲ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಕವಚ ಒಡೆಯುತ್ತದೆ. ಎಕ್ಸ್‌ರೇ ಹಿಡಿದು ನೋಡೋದು ಅದಕ್ಕೇ. ಒಮ್ಮೆ ಹೊತ್ತಿಸಿದರೆ ಆರಿಸೋಕೂ ಆಗಲ್ಲ, ಕಡಿಮೆ ಮಾಡೋಕೂ ಆಗಲ್ಲ. ತೀರ ಹತ್ತಿರದ ಗುರಿ ಇದಕ್ಕೆ ಕಷ್ಟ ಅನ್ನೋದು ಈ ಕಾರಣದಿಂದಲೇ.

ಹೊಡೆದಮೇಲೆ ಅಲ್ಲೇ ನಿಲ್ಲೋ ಹಾಗಿಲ್ಲ. ಬೆಂಗಳೂರಿನಲ್ಲೇ ರೂಪಿಸಿದ ಸ್ವಾತಿ ರಾಡಾರ್ ಥರದ್ದು ಎದುರಿನವರ ಹತ್ತಿರವೂ ಇರುತ್ತದೆ. ಮೇಲೇರುವ ರಾಕೆಟ್ಟಿನ ದಾರಿಯ ಒಂದು ತುಂಡು ಕಂಡರೆ ಸಾಕು, ಹಿಂದಕ್ಕೆ ಗೆರೆ ಎಳೆದು ಲಾಂಚರ್ ಎಲ್ಲಿದೆ ಅಂತ ಹೇಳಿಬಿಡುತ್ತದೆ.

ನಿಖರತೆಯ ಅಂಕಿ ಬರೆಯುವಾಗ ಎಲ್ಲರೂ ಎಡವುತ್ತಾರೆ. ‘10 ಮೀಟರ್ ನಿಖರತೆ’ ಅಂದರೆ 10 ಮೀಟರ್ ದಾಟಿ ಬೀಳಲ್ಲ ಅಂತ ಅಲ್ಲ. ಅರ್ಧದಷ್ಟು 10 ಮೀಟರ್ ವೃತ್ತದೊಳಗೆ, ಇನ್ನರ್ಧ ಹೊರಗೆ. ಎಂ26ರ ಒಂದೊಂದರಲ್ಲಿ 644 ಮರಿಬಾಂಬ್ ಇರುತ್ತಿದ್ದವು, ಸಿಡಿಯದೆ ಉಳಿದವು ಆಮೇಲೆ ಹೊಲದಲ್ಲಿ ಜನರ ಕೈಕಾಲು ತೆಗೆದವು. ನಿಖರತೆ ಬಂದಮೇಲೆ ಅಷ್ಟು ಚೆಲ್ಲುವ ಅಗತ್ಯ ಕುಗ್ಗಿತು ಅನ್ನೋದನ್ನೂ ಚಾರ್ಟಿನಲ್ಲಿ ಸೇರಿಸಿ.

ಪಾಲಹಳ್ಳಿ ಹೈದ:

ಎಲ್ಲರಿಗೂ ಶರಣು. ಬಾಣದ ಚಾರ್ಟಿಗೆ ಹೀಗೆ ಬರೆದಿದ್ದೀನಿ, ತಪ್ಪಿದ್ರೆ ಹೇಳಿ: ‘1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಮೈಸೂರು ಬಾಣ ಗುರಿಯಿಟ್ಟು ಬೇಲಿಯ ಮದ್ದಿನ ಗಾಡಿಯನ್ನು ಸಿಡಿಸಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆ ನಗರದ ಹಾಳುಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಾಣ ಸಿಕ್ಕವು.’

ಲೆಕ್ಕದ ಮೇಷ್ಟ್ರು:

ಎರಡನೆಯ ವಾಕ್ಯ ಹಾಗೇ ಇರಲಿ. ಮೊದಲನೆಯದರಲ್ಲಿ ‘ಗುರಿಯಿಟ್ಟು’ ತೆಗೀರಿ. ಗಾಡಿ ಸಿಡಿದದ್ದು ಬಾಣದಿಂದ ಅನ್ನೋರೂ ಇದ್ದಾರೆ, ತೋಪಿನ ಗುಂಡಿನಿಂದ ಅನ್ನೋರೂ ಇದ್ದಾರೆ. ‘ಮದ್ದಿನ ಗಾಡಿಗಳು ಸಿಡಿದವು, ಬಾಣದ ಕಿಡಿಯಿಂದ ಎಂದು ಹಲವರು ಹೇಳುತ್ತಾರೆ’ ಅಂತ ಹಾಕಿ. ಬೇಲಿ ಅನ್ನೋದನ್ನ ‘ಬ್ರಿಟಿಷ್ ಕರ್ನಲ್ ಬೇಲಿ’ ಮಾಡಿ, ಇಲ್ಲದಿದ್ರೆ ಮಕ್ಕಳು ಹೊಲದ ಬೇಲಿ ಅಂದ್ಕೋತಾರೆ.